ಹೊತ್ತಿನ ಊಟ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಇಪ್ಪತ್ತೇಳು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಹಿತವಾಗಿ ಉಣ್ಣಬೇಕು, ಮಿತವಾಗಿ ಉಣ್ಣಬೇಕು ಎಂದು ಅವರು ಬರೆಯುತ್ತಾರೆ. ನಾನು ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿ ಅಂಕ ಕೊಡುತ್ತೇನೆ. ಹಾಗೆ ಅಂಕ ಕೊಡುತ್ತ ಕುಳಿತವನ ಊಟದ ಡಬ್ಬಿ ಮಧ್ಯಾಹ್ನ ಮೂರೂವರೆಯಾದರೂ ಮುಚ್ಚಿಯೇ ಇರುತ್ತಿತ್ತು. ಸದ್ಯ, ಯಾವ ಮಗುವೂ ಅದನ್ನು ಗಮನಿಸಿ ಕೇಳಲಿಲ್ಲ!

ಐವತ್ತೆರಡನೆಯ ವಯಸ್ಸಿನಲ್ಲಿ ಒಮ್ಮೆ ಓದುವ ಅಕ್ಷರಗಳು ಮಂಜಾದವು. ಕನ್ನಡಕ ಮಾಡಿಸಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಗಾಜು ಬದಲಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು ಕಣ್ಣಿನ ವೈದ್ಯರು. ಬರಿಹೊಟ್ಟೆಯಲ್ಲಿ 100ರ ಒಳಗಿರಬೇಕಾದ ಸಕ್ಕರೆ ನನಗೆ 168 ಇತ್ತು. 126 ಮುಟ್ಟಿದರೆ ಅದು ಮಧುಮೇಹದ ಲೆಕ್ಕ. ಮತ್ತೊಂದು ದಿನದ ಪರೀಕ್ಷೆಯೂ ಅದನ್ನೇ ಹೇಳಿತು.

ನಮ್ಮ ಬೀದಿಯ ಡಾಕ್ಟರು ಚೀಟಿ ಬರೆಯಲು ಪೆನ್ನು ತೆರೆದವರು ತಡೆದು, “ಮೇಷ್ಟ್ರೇ, ದಿನಾ ಎಷ್ಟು ಹೊತ್ತಿಗೆ ಊಟ ಮಾಡ್ತೀರಿ?” ಎಂದು ಕೇಳಿದರು. ಏನು ಉಣ್ಣುತ್ತೇನೆಂದು ಕೇಳಿದ್ದರೆ ಉತ್ತರ ಸಿದ್ಧವಾಗಿತ್ತು. ನಮ್ಮದು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆಯ ಮನೆ, ನಾನೇನು ದುರಾಹಾರಿಯಲ್ಲ. ಆದರೆ ಎಷ್ಟು ಹೊತ್ತಿಗೆ? ನನಗೆ ಬಾಯಿ ಬರಲಿಲ್ಲ.

ಕನ್ನಡ ಪಂಡಿತನಿಗೆ ಇದು ನಾಚಿಕೆಯ ಸಂಗತಿ. ಹಳಗನ್ನಡದ ‘ಪೊೞ್ತು’ ಎಂಬುದೇ ನಮ್ಮ ‘ಹೊತ್ತು’. ಅದಕ್ಕೆ ಕಾಲವೆಂದೂ ಅರ್ಥ, ಸೂರ್ಯನೆಂದೂ ಅರ್ಥ; ಹಳ್ಳಿಯಲ್ಲಿ ಇಂದಿಗೂ ‘ಹೊತ್ತು ಹುಟ್ಟಿತು, ಹೊತ್ತು ಮುಳುಗಿತು’ ಎನ್ನುತ್ತಾರೆ. ಎರಡು ಹೊತ್ತಿನ ಊಟ, ಒಪ್ಪೊತ್ತು ಎಂದು ನಮ್ಮವರು ಊಟವನ್ನು ಹೊತ್ತಿನಿಂದಲೇ ಅಳೆದರು. ವೈದ್ಯರು ಈಗ ಹೇಳುವುದೂ ಅದಕ್ಕೆ ದೂರವಲ್ಲ. ಒಂದೇ ಅಳತೆಯ ಅನ್ನವನ್ನು ಬೆಳಗ್ಗೆ ಉಂಡರೆ ದೇಹ ಸುಲಭವಾಗಿ ಅರಗಿಸಿಕೊಳ್ಳುತ್ತದೆ. ರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ. ಉಂಡ ಅನ್ನದ ಸಕ್ಕರೆಯನ್ನು ಬಹುಪಾಲು ಎಳೆದುಕೊಳ್ಳುವುದು ಮಾಂಸಖಂಡಗಳು. ನಡುವಯಸ್ಸು ದಾಟುತ್ತ ಅವು ಕರಗುತ್ತವೆ, ಓಡಾಟವೂ ತಗ್ಗುತ್ತದೆ, ಹಸಿವು ಮಾತ್ರ ಹಳೆಯ ಅಳತೆಯನ್ನೇ ಕೇಳುತ್ತದೆ. ಇಪ್ಪತ್ತೈದರಲ್ಲಿ ರಾತ್ರಿ ಹತ್ತಕ್ಕೆ ಉಂಡು ಮಲಗಿದವನಿಗೆ ಏನೂ ಆಗಲಿಲ್ಲವೆಂದು ಐವತ್ತರಲ್ಲಿ ಧೈರ್ಯ ತಂದುಕೊಳ್ಳುವುದು ಸರಿಯಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮೇಲ್ಪಟ್ಟು ಮಧುಮೇಹಿಗಳಿದ್ದಾರೆಂದು ಲೆಕ್ಕ ಹಾಕಿತು. ಆ ಎಣಿಕೆಯೊಳಗೆ ನಾನೂ ಒಬ್ಬ.

ಡಾಕ್ಟರ ಮಾತಿನಂತೆ ಹಳೆಯ ಅಂಕಪಟ್ಟಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಹದಿನೈದು ದಿನ ಉಂಡ ಹೊತ್ತನ್ನು ಬರೆದಿಟ್ಟೆ. ಏನು ಉಂಡೆನೆಂದಲ್ಲ, ಬರಿಯ ಗಂಟೆ. ಬೆಳಗ್ಗೆ ಒಂದು ಲೋಟ ಕಾಫಿ, ತಿಂಡಿಗೆ ಬಿಡುವಿಲ್ಲ. ಅಕ್ಷರ ದಾಸೋಹ ಹೈಸ್ಕೂಲಿಗೂ ಬಂದ ಮೇಲೆ ನಮ್ಮ ಮಕ್ಕಳು ಗಂಟೆ ಬಾರಿಸಿದ ಕೂಡಲೇ ತಟ್ಟೆ ಹಿಡಿದು ಸಾಲಾಗಿ ಕೂರುತ್ತಾರೆ. ಸಾಲು ನೋಡಿಕೊಳ್ಳುವ ಮೇಷ್ಟ್ರಿಗೆ ಮಾತ್ರ ಗಂಟೆ ಬಾರಿಸುವವರಿಲ್ಲ. ಡಬ್ಬಿ ತೆರೆದದ್ದು ಒಂದು ದಿನ ಎರಡಕ್ಕೆ, ಒಂದು ದಿನ ಮೂರೂವರೆಗೆ, ಎರಡು ದಿನ ತೆರೆಯಲೇ ಇಲ್ಲ. ಐದಕ್ಕೆ ಹೋಟೆಲಿನಲ್ಲಿ ಗೆಳೆಯರೊಡನೆ ಬೋಂಡ, ರಾತ್ರಿ ಊಟ ಹತ್ತಕ್ಕೆ. ದಿನವಿಡೀ ಹಸಿದ ಹೊಟ್ಟೆ ಸೇಡು ತೀರಿಸಿಕೊಳ್ಳುತ್ತಿದ್ದುದು ಆಗಲೇ. ಸೂಪಶಾಸ್ತ್ರ ಬರೆದ ಮೂರನೆಯ ಮಂಗರಸನ ವಿಚಾರವಾಗಿ ಒಂದು ಗಂಟೆ ಪಾಠ ಹೇಳಬಲ್ಲೆ. ನನ್ನ ತಟ್ಟೆಯ ಮುಂದೆ ಹತ್ತು ನಿಮಿಷ ಕೂರಲಾರೆ!

ನಾನು ಬರೆಯುವುದನ್ನು ಒಂದು ವಾರ ನೋಡಿದ ನನ್ನ ಹೆಂಡತಿ, “ರೀ, ನಿಮ್ಮದೊಂದೇ ಯಾಕೆ? ಪಕ್ಕದಲ್ಲಿ ನನ್ನದೂ ಬರ್ಕೊಳ್ಳಿ” ಎಂದಳು. ಗೆರೆ ಎಳೆದು ಎರಡನೆಯ ಅಂಕಣ ಮಾಡಿದೆ. ವಾಚಕರೇ, ಆ ಅಂಕಣ ನನ್ನದಕ್ಕಿಂತ ಕೆಟ್ಟದ್ದಾಗಿತ್ತು. ಅಡುಗೆ, ಬಟ್ಟೆ, ಪೂಜೆ ಮುಗಿದು ಅವಳ ತಿಂಡಿ ಹನ್ನೊಂದಕ್ಕೆ. ಮಧ್ಯಾಹ್ನ ಕಾಫಿಯಲ್ಲೇ ತೀರುತ್ತಿತ್ತು. ರಾತ್ರಿ ನಾನು ಉಂಡೆದ್ದ ಮೇಲೆ ಹತ್ತೂವರೆಗೆ, ಪಾತ್ರೆಯಲ್ಲಿ ಉಳಿದಷ್ಟು. ಪಲ್ಯ ಉಳಿದ ದಿನ ಪಲ್ಯ; ಉಳಿಯದ ದಿನ ಅನ್ನ, ಉಪ್ಪಿನಕಾಯಿ. ಇದು ಎಷ್ಟು ವರ್ಷದಿಂದ ಎಂದು ಕೇಳಿದೆ. “ಮದುವೆಯಾದಾಗಿನಿಂದ” ಎಂದಳು. ನನ್ನ ಅಶಿಸ್ತು ನನ್ನೊಬ್ಬನದೆಂದು ತಿಳಿದಿದ್ದೆ. ಅದಕ್ಕೆ ಕಾದು ಕುಳಿತವಳೊಬ್ಬಳಿದ್ದಳು. ಅವಳ ರಕ್ತ ಪರೀಕ್ಷಿಸಿದಾಗ 12 ಇರಬೇಕಾದ ಹಿಮೋಗ್ಲೋಬಿನ್ 9 ಇತ್ತು. ಮೆಟ್ಟಿಲು ಹತ್ತಿದರೆ ಅವಳಿಗೆ ಬರುತ್ತಿದ್ದ ಏದುಸಿರನ್ನು ವಯಸ್ಸಿನದೆಂದು ನಾವಿಬ್ಬರೂ ನಂಬಿದ್ದೆವು.

ಅಂದಿನಿಂದ ತಿಂಡಿ ಎಂಟಕ್ಕೆ, ಮಧ್ಯಾಹ್ನದ ಊಟ ಒಂದೂವರೆಗೆ, ರಾತ್ರಿಯದು ಏಳೂವರೆಗೆ. ಬಡಿಸುವವರು, ಉಣ್ಣುವವರು ಎಂಬ ಭೇದವಿಲ್ಲ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಇಬ್ಬರೂ ಒಟ್ಟಿಗೆ ಕೂರುತ್ತೇವೆ. ಮದುವೆಮನೆಯ ಎಲೆಗೆ ಮೊದಲು ಕೋಸಂಬರಿ, ಪಲ್ಯ ಬಡಿಸುತ್ತಾರಲ್ಲವೆ? ಅದೇ ಕ್ರಮವನ್ನು ಮನೆಯ ತಟ್ಟೆಗೂ ತಂದೆವು. ತರಕಾರಿ ಮೊದಲು ಉಂಡು ಆಮೇಲೆ ಅನ್ನಕ್ಕೆ ಕೈಹಾಕಿದರೆ ಸಕ್ಕರೆ ಥಟ್ಟನೆ ಏರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧಭಾಗ ತರಕಾರಿ, ಹಣ್ಣುಗಳಿಗೇ ಮೀಸಲು. ಊಟದ ಜೊತೆಗೆ ಕಾಫಿ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತದೆಂದು ತಿಳಿದು, ಅವಳು ಕಾಫಿಯನ್ನು ಊಟದಿಂದ ದೂರಕ್ಕೆ ಸರಿಸಿದಳು. ಬಿಡುವುದಂತೂ ಆಗದ ಮಾತು.

ಒಂದು ಎಚ್ಚರಿಕೆಯ ಮಾತು. ಮಧುಮೇಹದ ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್, ಊಟ ಬರುವುದೆಂದು ನಂಬಿ ಕೆಲಸಕ್ಕೆ ತೊಡಗುತ್ತವೆ. ಊಟ ಬಾರದಿದ್ದರೆ ಸಕ್ಕರೆ ಕುಸಿದು ಮೈ ಬೆವರುತ್ತದೆ, ಕೈ ನಡುಗುತ್ತದೆ. ಆಗ ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಏಕಾದಶಿಯ ಉಪವಾಸ ಹಿಡಿಯುವವರು ಮೊದಲು ವೈದ್ಯರನ್ನು ಕೇಳಿ. ಉಪ್ಪಿಟ್ಟು, ಅವಲಕ್ಕಿ, ಹೆಸರುಬೇಳೆ ಪಾಯಸ ಸೇರಿದ ಉಪವಾಸವಾದರೆ ಕೇಳುವುದು ಇನ್ನೂ ಅಗತ್ಯ.

ಇದೆಲ್ಲ ಸಲೀಸಾಗಿ ನಡೆಯಿತೆಂದು ಹೇಳಲಾರೆ. ಗೆಳೆಯರು ಬೋಂಡದ ತಟ್ಟೆಯನ್ನು ನನ್ನ ಮುಂದೆಯೇ ಸರಿಸಿ ನಗುತ್ತಾರೆ. ಮದುವೆಗೆ ಹೋದರೆ ಮೂರನೆಯ ಪಂಕ್ತಿ ಮೂರು ಗಂಟೆಗೆ. ಅದಕ್ಕೆಂದು ಜೇಬಿನಲ್ಲಿ ಒಂದು ಹಿಡಿ ಹುರಿಗಡಲೆ ಇಟ್ಟುಕೊಂಡಿರುತ್ತೇನೆ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 8.4 ಇದ್ದದ್ದು ವರ್ಷದೊಳಗೆ 6.9ಕ್ಕೆ ಬಂತು. ಅದರಲ್ಲಿ ಮಾತ್ರೆಯದೆಷ್ಟು, ಸಂಜೆಯ ನಡಿಗೆಯದೆಷ್ಟು, ಹೊತ್ತಿನದೆಷ್ಟು ಎಂದು ಪಾಲು ಹಂಚಲು ಹೋಗುವುದಿಲ್ಲ. ಅವಳ 9 ಕೂಡ ಕಬ್ಬಿಣದ ಮಾತ್ರೆ ಸೇರಿ ಹನ್ನೊಂದನ್ನು ದಾಟಿದೆ.

ಅಂಕಪಟ್ಟಿ ಪುಸ್ತಕದಲ್ಲಿ ಎರಡು ಅಂಕಣಗಳು ಇನ್ನೂ ನಡೆದಿವೆ. ಈಚೆಗೆ ಒಂದು ದಿನ ಪರೀಕ್ಷೆಯ ಕೆಲಸಕ್ಕೆ ಪರಊರಿಗೆ ಹೋಗಿದ್ದ ನಾನು ಮನೆಗೆ ಮರಳಿದಾಗ ಒಂಬತ್ತು ದಾಟಿತ್ತು. ಒಳಗೆ ಹೋಗಿ ಪುಸ್ತಕ ತೆರೆದೆ. ಅವಳ ಅಂಕಣದಲ್ಲಿ ಏಳೂವರೆ ಎಂದು ಬರೆದಾಗಿತ್ತು. ನನ್ನ ಪಾಲಿನ ಪಲ್ಯ ಬಟ್ಟಲಲ್ಲಿ ಮುಚ್ಚಿಟ್ಟಿತ್ತು. ಅವಳು ಹಜಾರದಲ್ಲಿ ಕಾಲು ಚಾಚಿಕೊಂಡು ರೇಡಿಯೊ ಕೇಳುತ್ತಿದ್ದಳು.