ಕ್ರೋಂಪೇಟೆಯ ಕಾಲೇಜು, ನಂಬಿಕೆಯ ಲೆಕ್ಕ

ಚೆನ್ನೈನಿಂದ ತಾಂಬರಂ ಕಡೆ ಹೋಗುವ ಲೋಕಲ್ ರೈಲು ಕ್ರೋಂಪೇಟೆಯಲ್ಲಿ ನಿಲ್ಲುತ್ತದೆ. ಕ್ರೋಮ್ ಚರ್ಮದ ಕಾರ್ಖಾನೆಯಿಂದ ಹೆಸರು ಪಡೆದ ಈ ಊರಿಗೆ 1949ರಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಬಂತು. ಜನರ ಬಾಯಲ್ಲಿ ಅದು ಎಂಐಟಿ. ಸ್ಥಾಪಕ ಸಿ. ರಾಜಂ ‘ಇಂಡಿಯಾ ಹೌಸ್’ ಎಂಬ ತಮ್ಮ ದೊಡ್ಡ ಮನೆಯನ್ನೇ ಮಾರಿ ಬಂಡವಾಳ ಹಾಕಿದರು. ವಿಮಾನ, ಮೋಟಾರು ವಾಹನ, ಎಲೆಕ್ಟ್ರಾನಿಕ್ಸ್, ಉಪಕರಣ ತಂತ್ರಜ್ಞಾನ ಅಲ್ಲಿನ ಮೊದಲ ವಿಷಯಗಳು. ಹೊಸ ದೇಶಕ್ಕೆ ಅವು ಬೇಕಿದ್ದವು. ಕಲಿಸುವವರು ಮಾತ್ರ ವಿರಳ.

ಹೆಸರು ಮಾಡಿರದ ಕಾಲೇಜನ್ನು ಯಾರು ನಂಬಿಯಾರು? ರಾಮೇಶ್ವರದ ಒಂದು ಕುಟುಂಬ ನಂಬಿತು. ಪ್ರವೇಶಕ್ಕೆ ಬೇಕಿದ್ದ ಸುಮಾರು 1,000 ರೂಪಾಯಿಗಾಗಿ ಜೊಹ್ರಾ ತಮ್ಮ ಚಿನ್ನದ ಬಳೆ, ಸರ ಅಡವಿಟ್ಟರು. ಆ ಹಣದಲ್ಲಿ ವಿಮಾನಶಾಸ್ತ್ರ ಓದಿದವರು ಜೊಹ್ರಾ ಅವರ ತಮ್ಮ ಅಬ್ದುಲ್ ಕಲಾಂ.

1978ರಲ್ಲಿ ಕಾಲೇಜು ಸರ್ಕಾರದ ಅಣ್ಣಾ ವಿಶ್ವವಿದ್ಯಾಲಯದೊಳಗೆ ಸೇರಿತು. ಆ ವಿಶ್ವವಿದ್ಯಾಲಯ ರೂಪಿಸಿದ ಸುಮಾರು 40 ಕಿಲೋ ತೂಕದ ‘ಅನುಸ್ಯಾಟ್’ ಉಪಗ್ರಹ 2009ರ ಏಪ್ರಿಲ್‌ನಲ್ಲಿ ಶ್ರೀಹರಿಕೋಟಾದಿಂದ ಕಕ್ಷೆಗೇರಿತು.

ಆದರೆ ವಿಶ್ವವಿದ್ಯಾಲಯ ಬೆಳೆದಂತೆ ನೂರಾರು ಖಾಸಗಿ ಕಾಲೇಜುಗಳು ಅದರ ಮುದ್ರೆಯಡಿ ಬಂದವು. ನಂಬಿಕೆ ಪೆಟ್ಟು ತಿಂದದ್ದು ಪರೀಕ್ಷೆಯ ಮೇಜಿನ ಬಳಿ. ಮರುಮೌಲ್ಯಮಾಪನದಲ್ಲಿ ಹಣ ಪಡೆದು ಅಂಕ ಏರಿಸಿದ ಆರೋಪದ ಮೇಲೆ 2018ರ ಆಗಸ್ಟ್‌ನಲ್ಲಿ ತಮಿಳುನಾಡಿನ ಲಂಚ ನಿಗ್ರಹ ದಳ ಪ್ರಕರಣ ದಾಖಲಿಸಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಕೆ. ಸೂರಪ್ಪ ಕುಲಪತಿಯಾಗಿ ಬಂದಾಗ, ಕರ್ನಾಟಕದವರೇಕೆ ಎಂಬ ವಿರೋಧ ಎದ್ದಿತ್ತು. ಅಂಕಪಟ್ಟಿಯ ಬೆಲೆಗಿಂತ ಕುರ್ಚಿಯಲ್ಲಿ ಕೂತವರ ಊರೇ ದೊಡ್ಡ ಚರ್ಚೆಯಾಯಿತು.

ಪದವಿಯ ಮೇಲಿನ ನಂಬಿಕೆ ಕುಸಿಯುವುದು ಕನ್ನಡಿಗರಿಗೂ ಹೊಸ ಅನುಭವವಲ್ಲ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ತಪ್ಪಿದ ಸುದ್ದಿ 2015ರಲ್ಲಿ ಬಂದಾಗ, ಪದವಿಪತ್ರ ಹಿಡಿದವರು ಕಚೇರಿಗಳನ್ನು ಅಲೆದರು. ಮಾನ್ಯತೆ ಮರಳಲು 2018 ಬರಬೇಕಾಯಿತು.

ಕಳೆದ ಹೆಸರು ಮರಳುವ ಬಗೆ ಯಾವುದು? 2024ರ ಜುಲೈನಲ್ಲಿ ಚೆನ್ನೈನ ‘ಅರಪ್ಪೋರ್ ಇಯಕ್ಕಂ’ ಸಂಘಟನೆ ಅಣ್ಣಾ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಅಧ್ಯಾಪಕರ ಪಟ್ಟಿಗಳನ್ನು ಒಂದಕ್ಕೊಂದು ತಾಳೆ ನೋಡಿತು. ಒಬ್ಬರೇ ಅಧ್ಯಾಪಕರು ಹಲವು ಕಾಲೇಜುಗಳಲ್ಲಿ ಪೂರ್ಣಾವಧಿಗೆ ದುಡಿಯುತ್ತಿರುವಂತೆ ದಾಖಲೆ ಹೇಳುತ್ತಿತ್ತು! ವಿಶ್ವವಿದ್ಯಾಲಯವೂ ತನಿಖೆಗಿಳಿಯಿತು. ಯಾರು ಪಾಠ ಮಾಡುತ್ತಾರೆ, ಅಂಕ ಯಾರು ಹಾಕಿದರು ಎಂಬುದನ್ನು ಮಗಳನ್ನು ಸೇರಿಸಲು ಬಂದ ತಂದೆಯೂ ಹೀಗೆ ತಾಳೆ ನೋಡುವಂತಿದ್ದರೆ, ಅಡ್ಮಿಷನ್ ಕೌಂಟರಿನ ಮುಂದೆ ಆತ ಕೇಳುವ ಪ್ರಶ್ನೆಗಳೇ ಬದಲಾದಾವು.