ಕೋಡ್ ಎಲ್ಲಿಡೋಣ, ಯಾವ ಷರತ್ತಿನ ಮೇಲೆ ಕೊಡೋಣ?

ಹೈಟೆಕ್ ಸಿಟಿ, ಗಚ್ಚಿಬೌಲಿ, ಕೊಂಡಾಪುರದ ಕಡೆ ಕೆಲಸ ಮಾಡುವ ನಮ್ಮ ಕನ್ನಡದವರು ಇತ್ತೀಚೆಗೆ ಸಿಕ್ಕಾಗೆಲ್ಲ ಒಂದು ಪ್ರಶ್ನೆ ಕೇಳ್ತಾರೆ. "ಗಿಟ್‌ಹಬ್‌ನಲ್ಲಿ ಹಾಕಿದ್ದನ್ನೆಲ್ಲ ಎಐ ಓದಿಕೊಳ್ತಿದೆಯಂತೆ. ನಮ್ಮ ಕೋಡನ್ನ ಅಲ್ಲಿಂದ ತೆಗೆದು ಬೇರೆ ಕಡೆ ಇಡೋಣವಾ?" ಇವತ್ತಿನ ಮಾತು ಅದರ ಬಗ್ಗೆ.

ನನ್ನ ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ. ಜಾಗ ಬದಲಿಸೋಕೆ ಒಳ್ಳೆಯ ಕಾರಣಗಳಿವೆ. ಆದರೆ ಎಐ ಕಣ್ಣಿಗೆ ಬೀಳಬಾರದು ಅಂತ ಬದಲಿಸಿದರೆ ನಿರಾಸೆಯಾಗುತ್ತೆ. ಕೋಡ್ ಎಲ್ಲಿಡ್ತೀವಿ ಅನ್ನೋದು ಒಂದು ನಿರ್ಧಾರ. ಯಾವ ಷರತ್ತಿನ ಮೇಲೆ ಬೇರೆಯವರಿಗೆ ಕೊಡ್ತೀವಿ ಅನ್ನೋದು ಇನ್ನೊಂದು. ನಮ್ಮಲ್ಲಿ ಬಹಳ ಜನ ಮೊದಲನೆಯದರ ಬಗ್ಗೆ ತಲೆ ಕೆಡಿಸಿಕೊಂಡು ಎರಡನೆಯದನ್ನ ನೋಡೋದೇ ಇಲ್ಲ.

ಮೊದಲು ಆಗಿದ್ದೇನು ಅಂತ ನೋಡೋಣ. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್ ಕೊಟ್ಟು ಗಿಟ್‌ಹಬ್ ಕೊಂಡುಕೊಂಡಿತು. 2021ರ ಜೂನ್‌ನಲ್ಲಿ ಕೋಪೈಲಟ್ ಪ್ರಯೋಗಕ್ಕೆ ಬಂತು, ಒಂದು ವರ್ಷದ ನಂತರ ತಿಂಗಳ ಶುಲ್ಕದ ಸೇವೆಯಾಯಿತು. ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದ ರೆಪಾಸಿಟರಿಗಳ ಕೋಡಿನಿಂದ ಅದಕ್ಕೆ ತರಬೇತಿ ಕೊಟ್ಟಿದ್ದೇವೆ ಅಂತ ಕಂಪನಿಯೇ ಹೇಳಿತು. 2022ರ ಜೂನ್‌ನಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ಗಿಟ್‌ಹಬ್ ಬಿಡಿ ಅಂತ ಕರೆ ಕೊಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಕೆಲವು ಪ್ರೋಗ್ರಾಮರ್‌ಗಳು ಹೆಸರು ಬಹಿರಂಗಪಡಿಸದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಿಟ್‌ಹಬ್, ಮೈಕ್ರೋಸಾಫ್ಟ್, ಓಪನ್‌ಎಐ ಮೇಲೆ ಕೇಸು ಹಾಕಿದರು. 2024ರ ಹೊತ್ತಿಗೆ ಅವರ ಹೆಚ್ಚಿನ ವಾದಗಳನ್ನ ನ್ಯಾಯಾಲಯ ತಳ್ಳಿಹಾಕಿತು. ಆದರೆ ಓಪನ್ ಸೋರ್ಸ್ ಲೈಸೆನ್ಸಿನ ಷರತ್ತು ಮುರಿದಿದ್ದಾರೆ ಅನ್ನುವ ವಾದವನ್ನ ಉಳಿಸಿಕೊಂಡಿತು.

ಗಮನಿಸಿ, ಕೋಡ್ ಯಾವ ಸೈಟಿನಲ್ಲಿ ಇತ್ತು ಅನ್ನೋದು ಅಲ್ಲಿ ಉಳಿದುಕೊಂಡ ವಾದ ಅಲ್ಲ. ಲೈಸೆನ್ಸ್ ಏನು ಹೇಳಿತ್ತು ಅನ್ನೋದು.

ಸರಿ, ಜಾಗ ಬದಲಿಸಿದರೆ ಬಾಟ್‌ಗಳು ಬಿಡ್ತಾವಾ? ಬಿಡಲ್ಲ. ಸೋರ್ಸ್‌ಹಟ್ ಅನ್ನುವ ಸಣ್ಣ ಹೋಸ್ಟಿಂಗ್ ಸೇವೆ ಇದೆ. ತನ್ನ ಕೆಲಸದ ಸಮಯದ ದೊಡ್ಡ ಪಾಲು ಎಐ ಕ್ರಾಲರ್‌ಗಳನ್ನ ತಡೆಯೋದರಲ್ಲೇ ಹೋಗ್ತಿದೆ ಅಂತ ಅದನ್ನ ಕಟ್ಟಿದ ಡ್ರೂ ಡಿವಾಲ್ಟ್ 2025ರ ಮಾರ್ಚ್‌ನಲ್ಲಿ ಬಹಳ ಸಿಟ್ಟಿನಿಂದ ಬರೆದರು. ಬರ್ಲಿನ್ನಿನ ಕೋಡ್‌ಬರ್ಗ್ ಲಾಭಕ್ಕಾಗಿ ನಡೆಯದ ಸಂಘ. ಅಲ್ಲಿ ಬಾಟ್‌ಗಳನ್ನ ತಡೆಯೋಕೆ ಅನೂಬಿಸ್ ಅನ್ನುವ ತಂತ್ರಾಂಶ ಇಟ್ಟಿದ್ದರು. ಪುಟ ತೆರೆಯೋ ಮೊದಲು ಬ್ರೌಸರ್ ಒಂದು ಸಣ್ಣ ಲೆಕ್ಕ ಬಿಡಿಸಬೇಕು, ಅಷ್ಟೇ ಅದರ ಕೆಲಸ. 2025ರ ಆಗಸ್ಟ್ ಹೊತ್ತಿಗೆ ಕ್ರಾಲರ್‌ಗಳು ಆ ಲೆಕ್ಕವನ್ನೂ ಬಿಡಿಸೋಕೆ ಕಲಿತವು ಅಂತ ಕೋಡ್‌ಬರ್ಗ್‌ನವರೇ ಹೇಳಿದರು. ಎಲ್ಲರೂ ನೋಡಬಹುದಾದ ಕೋಡನ್ನ ಬಾಟ್ ಕೂಡ ನೋಡುತ್ತೆ.

ಈಗ ನಮಗೆ ಹತ್ತಿರದ ವಿಷಯಕ್ಕೆ ಬರೋಣ. ಎಐಗೆ ಸರಿಯಾಗಿ ಕನ್ನಡ ಬರಲ್ಲ ಅಂತ ನಾವೇ ಬೈಯ್ತೀವಿ. ಒತ್ತಕ್ಷರ ತಪ್ಪು, ವಿಭಕ್ತಿ ತಪ್ಪು, ಇಂಗ್ಲಿಷ್ ವಾಕ್ಯಕ್ಕೆ ಕನ್ನಡದ ಅಂಗಿ ತೊಡಿಸಿದ ಹಾಗಿದೆ ಅಂತೀವಿ. ಇನ್ನೊಂದು ಕಡೆ ನಾವು ಮಾಡಿದ್ದನ್ನ ಎಐ ಮುಟ್ಟಬಾರದು ಅಂತೀವಿ. ಎರಡೂ ಮಾತು ಒಟ್ಟಿಗೆ ನಿಲ್ಲಲ್ಲ ಅಲ್ವಾ? ಇಂಗ್ಲಿಷಿನಲ್ಲಿ ಒಬ್ಬರು ಕೋಡ್ ತೆಗೆದರೆ ಯಾರಿಗೂ ಗೊತ್ತಾಗಲ್ಲ. ಕನ್ನಡದ ತಂತ್ರಾಂಶ, ಕನ್ನಡದ ಡೇಟಾ ಇರೋದೇ ಕೈಬೆರಳೆಣಿಕೆಯಷ್ಟು. ಒಂದು ಹೋದರೂ ಮುಂದಿನವರು ಸೊನ್ನೆಯಿಂದ ಶುರು ಮಾಡಬೇಕು.

ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಅಲರ್ ನಿಘಂಟು ನೀವೆಲ್ಲ ಬಳಸಿರ್ತೀರಿ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಕೋಶ ಅದು. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಪದ, ಎರಡು ಲಕ್ಷ ನಲವತ್ತು ಸಾವಿರಕ್ಕಿಂತ ಹೆಚ್ಚು ಅರ್ಥ. 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ಅದು ಅಂತರ್ಜಾಲಕ್ಕೆ ಬಂತು. ಅದರ ಡೇಟಾ ಪೂರ್ತಿ ಗಿಟ್‌ಹಬ್‌ನಲ್ಲೇ ಇದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಪುಕ್ಕಟೆ ಬಿಟ್ಟುಕೊಟ್ಟಿಲ್ಲ. ಓಪನ್ ಡೇಟಾಬೇಸ್ ಲೈಸೆನ್ಸ್, ಅಂದರೆ ಓಡಿಬಿಎಲ್, ಅಡಿಯಲ್ಲಿ ಕೊಟ್ಟಿದ್ದಾರೆ. ಬಳಸಿ, ಮೂಲ ಯಾರದು ಅಂತ ಹೇಳಿ, ಇದನ್ನ ತಿದ್ದಿ ಬೆಳೆಸಿದ ಡೇಟಾಬೇಸನ್ನ ಜನರಿಗೆ ಕೊಟ್ಟರೆ ಅದೇ ಷರತ್ತಿನ ಮೇಲೆ ಕೊಡಿ. ನಲವತ್ತು ವರ್ಷದ ದುಡಿಮೆಯನ್ನ ಬೀಗ ಹಾಕಿಯೂ ಇಟ್ಟಿಲ್ಲ, ಹೆಸರಿಲ್ಲದ ಹಾಗೆ ಚೆಲ್ಲಿಯೂ ಇಲ್ಲ.

ಈಗ ನಮ್ಮ ಅಳತೆಯ ಉದಾಹರಣೆ ತಗೊಳ್ಳಿ. ಪದ್ಯದ ಸಾಲು ಕೊಟ್ಟರೆ ಲಘು, ಗುರು ಗುರುತು ಹಾಕುವ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೀರಿ ಅಂದುಕೊಳ್ಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅನುಸ್ವಾರ ಬಂದರೆ ಗುರು, ದೀರ್ಘ ಬಂದರೆ ಗುರು. ಯೂನಿಕೋಡ್‌ನಲ್ಲಿ ಒತ್ತಕ್ಷರ ಅಂದರೆ ವ್ಯಂಜನ, ವಿರಾಮ ಚಿಹ್ನೆ, ಮತ್ತೆ ವ್ಯಂಜನ. ಅದನ್ನೆಲ್ಲ ಸರಿಯಾಗಿ ಬಿಡಿಸೋಕೆ ನಾಲ್ಕು ವಾರಾಂತ್ಯ ಹೋಗುತ್ತೆ. ನಾಳೆ ಯಾರೋ ವಿದ್ಯಾರ್ಥಿ ಎಐ ಸಹಾಯಕನನ್ನ ಕೇಳ್ತಾನೆ, ಅದು ನಿಮ್ಮದೇ ತರ್ಕವನ್ನ ಕೊಡುತ್ತೆ, ನಿಮ್ಮ ಹೆಸರಿಲ್ಲದೆ. ಆ ಹುಡುಗನಿಗೆ ನಿಮ್ಮ ರೆಪಾಸಿಟರಿ ಇದೆ ಅಂತಲೇ ಗೊತ್ತಾಗಲ್ಲ. ಅವನು ಕಂಡ ಬಗ್ ನಿಮಗೆ ತಲುಪಲ್ಲ, ಅವನು ಮಾಡಿದ ತಿದ್ದುಪಡಿ ವಾಪಸ್ ಬರಲ್ಲ. ಕೋಡ್ ಕದ್ದರು ಅನ್ನೋದಕ್ಕಿಂತ ನನಗೆ ಹೆಚ್ಚು ನೋವಾಗೋದು ಇದು. ಹತ್ತು ಜನ ಸೇರಿ ಬೆಳೆಸಬೇಕಾದ ಕೆಲಸದ ಕೊಂಡಿ ಅಲ್ಲೇ ಕಳಚಿಕೊಳ್ಳುತ್ತೆ.

ಹಾಗಾಗಿ ಲೈಸೆನ್ಸ್ ಮುಖ್ಯ. ಎಂಐಟಿ ಅಂದರೆ ಷರತ್ತೇ ಇಲ್ಲ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದರಲ್ಲೂ ಒಂದು ಷರತ್ತಿದೆ: ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಪ್ರತಿಯ ಜೊತೆ ಹೋಗಬೇಕು. ಜಿಪಿಎಲ್ ಆದರೆ, ಬದಲಾಯಿಸಿ ಹಂಚುವವರು ಮೂಲ ಕೋಡನ್ನೂ ಕೊಡಬೇಕು. ಎಜಿಪಿಎಲ್ ಆದರೆ, ಬದಲಾಯಿಸಿದ್ದನ್ನ ಸರ್ವರ್‌ನಲ್ಲಿ ಸೇವೆಯಾಗಿ ನಡೆಸುವವರೂ ಕೊಡಬೇಕು. ಲೈಸೆನ್ಸ್ ಫೈಲೇ ಇಲ್ಲದಿದ್ದರೆ? ಆಗ ಕಾನೂನಿನ ಪ್ರಕಾರ ಯಾರಿಗೂ ಬಳಸುವ ಹಕ್ಕಿಲ್ಲ. ಒಳ್ಳೆಯ ಮನಸ್ಸಿನವರು ಮುಟ್ಟಲ್ಲ, ಬಾಟ್ ಹೇಗೂ ಬಿಡಲ್ಲ.

ಭಾರತದಲ್ಲಿ ಏನಿದೆ? 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನ ಸಾಹಿತ್ಯ ಕೃತಿ ಅಂತಲೇ ಎಣಿಸುತ್ತೆ. ಅಂದರೆ ನಿಮ್ಮ ಲಘು-ಗುರು ಪ್ರೋಗ್ರಾಂ ಕೂಡ ಕಾನೂನಿನ ಕಣ್ಣಲ್ಲಿ ಕಾದಂಬರಿಯ ಸಾಲಿನಲ್ಲೇ ನಿಲ್ಲುತ್ತೆ. ಎಐ ತರಬೇತಿಯ ಪ್ರಶ್ನೆ 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ಓಪನ್‌ಎಐ ಮೇಲೆ ಹಾಕಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ ಮುಂದೆ ಬಂತು. 2025ರ ಡಿಸೆಂಬರ್‌ನಲ್ಲಿ ಕೇಂದ್ರದ ಡಿಪಿಐಐಟಿ ಒಂದು ಪ್ರಸ್ತಾವ ಮುಂದಿಟ್ಟಿತು. ತರಬೇತಿಗೆ ಎಲ್ಲ ಕೃತಿಗಳನ್ನೂ ಬಳಸಬಹುದು, ಬದಲಿಗೆ ರಾಯಧನ ಕೊಡಬೇಕು ಅನ್ನೋದು ಅದರ ಸಾರ. ಅದರಲ್ಲಿ ಬೇಡ ಅನ್ನುವ ಅವಕಾಶ ಕೃತಿಕಾರರಿಗೆ ಇಲ್ಲ. ಓಪನ್ ಸೋರ್ಸ್ ಬರೆಯುವವನು ಹಣ ಕೇಳಿರಲಿಲ್ಲ, ಹೆಸರು ಮತ್ತು ವಾಪಸ್ ಹಂಚಿಕೆ ಕೇಳಿದ್ದ. ರಾಯಧನದ ಲೆಕ್ಕದಲ್ಲಿ ಇದಕ್ಕೆ ಜಾಗ ಎಲ್ಲಿ? ನಾವು ಎತ್ತಬೇಕಾದ ಪ್ರಶ್ನೆ ಇದು.

ಲೈಸೆನ್ಸ್ ಆಯಿತು. ಇನ್ನು ಜಾಗ. ಬಾಡಿಗೆ ಮನೆ ನೋಡುವಾಗ ನಾವು ಏನು ಕೇಳ್ತೀವಿ? ಓನರ್ ಯಾರು, ಖಾಲಿ ಮಾಡಿ ಅಂದರೆ ಎಷ್ಟು ಸಮಯ, ನಮ್ಮ ಸಾಮಾನು ಸುಲಭವಾಗಿ ಹೊರಗೆ ತರಬಹುದಾ. ಕೋಡಿನ ಮನೆಗೂ ಇದನ್ನೇ ಕೇಳಿ.

2014ರ ಡಿಸೆಂಬರ್ ಕೊನೆಯಲ್ಲಿ ಭಾರತದಲ್ಲಿ 32 ಸೈಟುಗಳನ್ನ ಸರ್ಕಾರದ ಆದೇಶದ ಮೇಲೆ ಬ್ಲಾಕ್ ಮಾಡಿದರು. ಉಗ್ರರ ಪ್ರಚಾರದ ವಸ್ತು ಇದೆ ಅನ್ನೋದು ಕಾರಣ. ಆ ಪಟ್ಟಿಯಲ್ಲಿ ಗಿಟ್‌ಹಬ್ ಕೂಡ ಇತ್ತು. ಕೆಲವು ದಿನದಲ್ಲಿ ತೆರೆಯಿತು, ಅದು ಬೇರೆ ಮಾತು. 2019ರಲ್ಲಿ ಅಮೆರಿಕದ ನಿರ್ಬಂಧದ ಕಾರಣಕ್ಕೆ ಇರಾನ್, ಸಿರಿಯಾ, ಕ್ರಿಮಿಯಾದ ಡೆವಲಪರ್‌ಗಳ ಖಾತೆಗಳಿಗೆ ಗಿಟ್‌ಹಬ್ ಮಿತಿ ಹಾಕಿತು. ಒಂದೇ ಬಾಗಿಲು ಇದ್ದರೆ ಅದು ಮುಚ್ಚಿದ ದಿನ ಎಲ್ಲ ಮುಚ್ಚಿತು ಅಂತಲೇ ಅರ್ಥ.

ಪರ್ಯಾಯ ಹುಡುಕೋಕೆ ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಹೈದರಾಬಾದಿನಲ್ಲೇ ಸ್ವೇಚ್ಛಾ ಅನ್ನುವ ಮುಕ್ತ ತಂತ್ರಾಂಶ ಸಂಘಟನೆ ಇದೆ. ತೆಲುಗಿನಲ್ಲಿ ಆಪರೇಟಿಂಗ್ ಸಿಸ್ಟಂ ತರುವ ಕೆಲಸದಿಂದ ಬೆಳೆದದ್ದು. ಅವರು ತಮ್ಮದೇ ಗಿಟ್‌ಲ್ಯಾಬ್ ಸರ್ವರ್ ನಡೆಸ್ತಾರೆ. ಅದೇ ಜನ ವಿದ್ಯಾರ್ಥಿಗಳನ್ನ ಸೇರಿಸಿಕೊಂಡು ತೆಲುಗು ಕಥೆಗಳಿಂದ ಎಐ ಮಾಡೆಲ್ ಕಟ್ಟುವ ಕೆಲಸಕ್ಕೂ ಇಳಿದರು. ನೋಡಿ, ಕೋಡಿನ ಮನೆ ತಮ್ಮ ಕೈಯಲ್ಲಿರಬೇಕು, ಭಾಷೆಗೆ ಎಐ ಕೂಡ ಬೇಕು. ಎರಡೂ ಒಂದೇ ಕಡೆ ಸಾಧ್ಯ ಆಗಿದೆ. ಫ್ರೀ ಸಾಫ್ಟ್‌ವೇರ್ ಕಮ್ಯುನಿಟಿ ಆಫ್ ಇಂಡಿಯಾ ಕೂಡ ಒಂದು ಗಿಟ್‌ಲ್ಯಾಬ್ ನಡೆಸುತ್ತೆ. ಕೋಡ್‌ಬರ್ಗ್‌ನಲ್ಲಿ ಸದಸ್ಯರಿಗೆ ಮತ ಇದೆ, ಖರ್ಚು ದೇಣಿಗೆಯಿಂದ ನಡೆಯುತ್ತೆ, ಮುಕ್ತ ಲೈಸೆನ್ಸ್ ಇರುವ ಕೆಲಸಕ್ಕಷ್ಟೇ ಅದು ಜಾಗ ಕೊಡೋದು. ಜಿಗ್ ಭಾಷೆಯ ಪ್ರಾಜೆಕ್ಟ್ 2025ರ ಕೊನೆಯಲ್ಲಿ ಗಿಟ್‌ಹಬ್ ಬಿಟ್ಟು ಅಲ್ಲಿಗೇ ಹೋಯಿತು. ಸ್ವಂತ ಸರ್ವರ್ ಬೇಕಿದ್ದರೆ ಫೋರ್ಜೆಯೋ ಇದೆ. ಆದರೆ ಬ್ಯಾಕಪ್, ಅಪ್‌ಡೇಟ್, ಬಾಟ್‌ಗಳ ಕಾಟ ಎಲ್ಲ ನಿಮ್ಮ ತಲೆ ಮೇಲೆ. ಒಬ್ಬರೇ ಇದ್ದರೆ ನಾನು ಬೇಡ ಅಂತೀನಿ. ನಾಲ್ಕು ಜನ ಇದ್ದರೆ ಯೋಚಿಸಿ.

"ಇಂಟರ್ವ್ಯೂನಲ್ಲಿ ಗಿಟ್‌ಹಬ್ ಲಿಂಕ್ ಕೇಳ್ತಾರಲ್ಲ ಅಣ್ಣಾ?" ಅಂತ ರಾಯಚೂರು, ಬೀದರ್ ಕಡೆಯಿಂದ ಈಗಷ್ಟೇ ಬಂದ ಹುಡುಗರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಕೆಲಸ ಹುಡುಕ್ತಿರೋ ಹುಡುಗನಿಗೆ ಗಿಟ್‌ಹಬ್ ಬಿಡು ಅಂತ ನಾನು ಹೇಳಲ್ಲ. ಎರಡು ಕಡೆ ಇಡು ಅಂತೀನಿ. ಮೂಲ ಒಂದು ಕಡೆ, ಅದರ ಪ್ರತಿ ಗಿಟ್‌ಹಬ್‌ನಲ್ಲಿ. ಗಿಟ್ ಹುಟ್ಟಿದ್ದೇ ಹೀಗೆ ಬಳಸೋಕೆ, ಪ್ರತಿ ಕ್ಲೋನ್‌ನಲ್ಲೂ ಪೂರ್ತಿ ಇತಿಹಾಸ ಇರುತ್ತೆ. ಆದರೆ ಇಶ್ಯೂಗಳು, ಪುಲ್ ರಿಕ್ವೆಸ್ಟ್‌ಗಳ ಮೇಲಿನ ಚರ್ಚೆ ಗಿಟ್ ಒಳಗೆ ಇರಲ್ಲ, ಹೋಸ್ಟ್ ಹತ್ತಿರವೇ ಉಳಿಯುತ್ತೆ. ಮನೆ ಬಿಡುವಾಗ ಸಿಕ್ಕಿಹಾಕಿಕೊಳ್ಳೋ ಸಾಮಾನು ಅದೇ. ಆಗಾಗ ಅದನ್ನೂ ಇಳಿಸಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದ ಕೃತಿಯ ಮೊದಲ ಒಡೆಯ ಮಾಲೀಕನೇ ಅನ್ನುತ್ತೆ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್. ಕೆಲವು ಕಂಪನಿಗಳ ಅಪಾಯಿಂಟ್‌ಮೆಂಟ್ ಲೆಟರ್ ವಾರಾಂತ್ಯದ ಕೆಲಸವನ್ನೂ ಸೇರಿಸಿಕೊಳ್ಳುವ ಹಾಗೆ ಬರೆದಿರುತ್ತೆ. ಲೈಸೆನ್ಸ್ ಹಾಕುವ ಮೊದಲು ಅದನ್ನ ಒಮ್ಮೆ ಓದಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಸ್ವಂತ ಕೆಲಸ ಬೇಡ. ನಿಮ್ಮದಲ್ಲದ್ದಕ್ಕೆ ಲೈಸೆನ್ಸ್ ಕೊಡೋಕಾಗಲ್ಲ.

ಈ ಶನಿವಾರ ಒಂದು ಗಂಟೆ ಇಟ್ಟುಕೊಳ್ಳಿ. ನಿಮ್ಮ ಕನ್ನಡದ ಕೆಲಸ ಏನೇ ಇರಲಿ, ಫಾಂಟ್, ಕೀಬೋರ್ಡ್, ಪದಪಟ್ಟಿ, ಸಣ್ಣ ಸ್ಕ್ರಿಪ್ಟ್, ಅದಕ್ಕೆ ಲೈಸೆನ್ಸ್ ಫೈಲ್ ಹಾಕಿ. ಪ್ರತಿ ಫೈಲಿನ ಮೇಲೂ ನಿಮ್ಮ ಹೆಸರು, ಲೈಸೆನ್ಸಿನ ಹೆಸರು ಒಂದೊಂದು ಸಾಲಿನಲ್ಲಿ ಬರೆಯಿರಿ. ತುಣುಕು ಎಲ್ಲಿಗೆ ಹೋದರೂ ಆ ಸಾಲು ಜೊತೆಗಿರುವ ಸಾಧ್ಯತೆ ಹೆಚ್ಚು. ಆಮೇಲೆ ಎರಡನೇ ಜಾಗದಲ್ಲಿ ಖಾತೆ ತೆರೆದು ಪೂರ್ತಿ ರೆಪಾಸಿಟರಿಯನ್ನ ಅಲ್ಲಿಗೂ ಪುಶ್ ಮಾಡಿ. ಕೊನೆಗೆ ರೀಡ್‌ಮೀ ಫೈಲಿನಲ್ಲಿ ಎರಡೂ ಜಾಗದ ವಿಳಾಸ ಹಾಕಿ, ಬಗ್ ಸಿಕ್ಕರೆ ಎಲ್ಲಿ ತಿಳಿಸಬೇಕು ಅಂತ ಕನ್ನಡದಲ್ಲೇ ಬರೆಯಿರಿ. ಓದುವವರು ನಮ್ಮವರೇ.