ಎಲ್ಲರೂ ತಿದ್ದುವ ಪುಟದ ವಿನ್ಯಾಸ



ಬೀದರ್ ಜಿಲ್ಲೆಯ ನಿರ್ಣಾದ ಈ ದತ್ತಿ ಉಪನ್ಯಾಸಕ್ಕೆ ಜಾಲತಾಣದ ವಿನ್ಯಾಸವನ್ನು ಏಕೆ ಆರಿಸಿಕೊಂಡೆ ಎಂದು ಕೆಲವರು ಕೇಳಿದರು. ಕಾರಣ ಈ ಊರಿನಲ್ಲೇ ಇದೆ. ನಿರ್ಣಾ ಬಹುಕಾಲ ಹುಮನಾಬಾದ ತಾಲ್ಲೂಕಿನಲ್ಲಿತ್ತು. ಚಿಟಗುಪ್ಪ ಹೊಸ ತಾಲ್ಲೂಕಾದ ಮೇಲೆ ಅದರೊಳಗೆ ಬಂತು. 2019ರಲ್ಲಿ ಈ ಭಾಗದ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಎಂದಾಯಿತು. ಅಚ್ಚಾದ ಗೆಜೆಟಿಯರ್ ಮುಂದಿನ ಮುದ್ರಣದವರೆಗೂ ಹಳೆಯದನ್ನೇ ಹೇಳುತ್ತಿರುತ್ತದೆ. ವಿಕಿಪೀಡಿಯದ ಪುಟದಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಉಳಿದಿದ್ದರೆ ಇಲ್ಲಿ ಕುಳಿತಿರುವ ಯಾವ ವಿದ್ಯಾರ್ಥಿನಿ ಬೇಕಾದರೂ ಇಂದೇ ಅದನ್ನು ತಿದ್ದಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅವಳ ಕೈಯಲ್ಲಿರುವ ಫೋನಿನ ಪರದೆಯಲ್ಲಿ ತಿದ್ದುವ ಗುಂಡಿ ಕಣ್ಣಿಗೆ ಬೀಳುತ್ತದೆಯೇ? ಬಿದ್ದರೂ ಒತ್ತುವ ಧೈರ್ಯ ಬರುತ್ತದೆಯೇ? ನಿಯಮ ಕೊಟ್ಟ ಹಕ್ಕನ್ನು ಪರದೆಯ ವಿನ್ಯಾಸ ಸದ್ದಿಲ್ಲದೆ ಹಿಂದಕ್ಕೆ ಪಡೆಯಬಲ್ಲದು. ಕನ್ನಡದ ಓದುಗರ ವಿಷಯದಲ್ಲಿ ಹಾಗೆ ಆಗುತ್ತಿದೆ ಎಂಬುದು ನನ್ನ ವಾದ.

ಮೊದಲು ನಿಮ್ಮ ನೆರೆಯ ಬಸವಕಲ್ಯಾಣದಿಂದ ಆರಂಭಿಸುತ್ತೇನೆ. ಅಲ್ಲಿ ಸೇರಿದ್ದ 12ನೆಯ ಶತಮಾನದ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿ ಶೂನ್ಯಸಂಪಾದನೆಯನ್ನು ಮೊದಲು ಕಟ್ಟಿದವನು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಕೃತಿ ಅಲ್ಲಿಗೆ ನಿಲ್ಲಲಿಲ್ಲ. ಹಲಗೆಯಾರ್ಯ ಅದನ್ನು ಪರಿಷ್ಕರಿಸಿದ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿ, ಅವನ ಬಳಿಕ ಗೂಳೂರು ಸಿದ್ಧವೀರಣಾಚಾರ್ಯ. ಒಬ್ಬೊಬ್ಬನೂ ವಚನಗಳನ್ನು ಸೇರಿಸಿದ, ಪ್ರಸಂಗಗಳನ್ನು ಬದಲಿಸಿದ, ನಡುವಿನ ಗದ್ಯವನ್ನು ತಿದ್ದಿದ. ಶರಣ ಸಿದ್ಧರಾಮನ ದೀಕ್ಷೆಯ ಪ್ರಶ್ನೆಯಲ್ಲಿ ಈ ಪಠ್ಯಗಳ ನಡುವೆ ಗಂಭೀರ ಭಿನ್ನಾಭಿಪ್ರಾಯವೇ ಇದೆ. ಆ ಭಿನ್ನತೆಯನ್ನು ಅರಿಯಲು ನಮ್ಮ ವಿದ್ವಾಂಸರು ತಾಳೆಗರಿಗಳನ್ನು ಹುಡುಕಿ, ನಾಲ್ಕೂ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಬೇಕಾಯಿತು. ಹಲವರು ತಿದ್ದುವ ಪಠ್ಯದ ಮುಖ್ಯ ಪ್ರಶ್ನೆಗಳೆಲ್ಲ ಇಲ್ಲಿವೆ: ಯಾರು ತಿದ್ದಿದರು, ಯಾವಾಗ, ಯಾವುದನ್ನು ತೆಗೆದು ಯಾವುದನ್ನು ಇಟ್ಟರು, ಏಕೆ.

1995ರ ಮಾರ್ಚ್ 25ರಂದು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಜ್ಞ ಮೊದಲ ವಿಕಿಯನ್ನು ಜಾಲಕ್ಕೆ ಬಿಟ್ಟಾಗ ಅದರ ಹೊಸತನ ಒಂದೇ ಒಂದು ಕೊಂಡಿಯಲ್ಲಿತ್ತು. ಓದುತ್ತಿರುವ ಪುಟದಲ್ಲೇ ಅದನ್ನು ತಿದ್ದುವ ಕೊಂಡಿ. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ. ಕಂಪ್ಯೂಟರಿನಲ್ಲಿ ಅದರ ಯಾವುದೇ ಪುಟ ತೆರೆಯಿರಿ, ಮೇಲ್ಭಾಗದಲ್ಲಿ ಚರ್ಚೆ, ಸಂಪಾದನೆ, ಇತಿಹಾಸ ಎಂಬ ಮೂರು ದಾರಿಗಳು ಕಾಣುತ್ತವೆ. ಇತಿಹಾಸವನ್ನು ಒತ್ತಿದರೆ ಆ ಪುಟ ಹುಟ್ಟಿದಂದಿನಿಂದ ಆದ ಪ್ರತಿ ತಿದ್ದುಪಡಿಯೂ ತಾರೀಖು, ತಿದ್ದಿದವರ ಹೆಸರು, ಅವರು ಬರೆದ ಕಾರಣದ ಸಮೇತ ಪಟ್ಟಿಯಾಗಿ ಬರುತ್ತದೆ. ಯಾವ ಎರಡು ಆವೃತ್ತಿಗಳನ್ನಾದರೂ ಪಕ್ಕಪಕ್ಕ ಇಟ್ಟು ನೋಡಬಹುದು. ಗೂಳೂರು ಸಿದ್ಧವೀರಣಾಚಾರ್ಯನ ಕಾಲದಲ್ಲಿ ಹೀಗೊಂದು ಪಟ್ಟಿ ಇದ್ದಿದ್ದರೆ ವಚನ ಸಂಶೋಧಕರ ಎಷ್ಟೋ ವರ್ಷಗಳ ದುಡಿಮೆ ಉಳಿಯುತ್ತಿತ್ತು.

ಇದು ಕಂಪ್ಯೂಟರಿನ ಮಾತಾಯಿತು. ನಿರ್ಣಾದಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಓದುವವರು ಎಷ್ಟು ಮಂದಿ? ನಮ್ಮ ಓದು ನಡೆಯುವುದು ಫೋನಿನಲ್ಲಿ. ವಿಕಿಪೀಡಿಯದ ಮೊಬೈಲ್ ರೂಪದಲ್ಲಿ ತಿದ್ದುವ ಸೌಲಭ್ಯ ಬಂದದ್ದೇ 2013ರಲ್ಲಿ, ಅದೂ ಮೊದಲಿಗೆ ಖಾತೆ ಇದ್ದವರಿಗೆ ಮಾತ್ರ. ಅಲ್ಲಿ ತಿದ್ದುವ ದಾರಿಯೆಂದರೆ ಒಂದು ಪೆನ್ಸಿಲಿನ ಚಿತ್ರ. ಇತಿಹಾಸದ ಕೊಂಡಿ ಪುಟದ ಕೊನೆಗೆ ಇಳಿಯಿತು. ಖಾತೆ ಇಲ್ಲದ ಓದುಗನಿಗೆ ಚರ್ಚೆಯ ದಾರಿ ಬಹುಕಾಲ ಕಾಣಿಸಲೇ ಇಲ್ಲ. ಸಣ್ಣ ಪರದೆಯಲ್ಲಿ ಜಾಗ ಕಡಿಮೆ, ಓದುವುದಕ್ಕೆ ಅಡ್ಡಿಯಾಗಬಾರದು ಎಂಬ ವಿನ್ಯಾಸಕರ ಕಾಳಜಿ ಪ್ರಾಮಾಣಿಕವಾದದ್ದು. ಪರಿಣಾಮ ಮಾತ್ರ ಹೀಗಾಯಿತು: ಕಂಪ್ಯೂಟರಿನವನು ಈ ಪುಟ ಜನರು ಬರೆದದ್ದು ಎಂದು ತಿಳಿದ, ಫೋನಿನವನು ಯಾರೋ ದೊಡ್ಡವರು ಬರೆದಿಟ್ಟದ್ದು ಎಂದುಕೊಂಡ. ಕಮ್ಮಟಗಳಲ್ಲಿ ಪದವಿ ತರಗತಿಯ ಮಕ್ಕಳು ಇದನ್ನು ನಾವೂ ಬರೆಯಬಹುದಾ ಸರ್ ಎಂದು ಬೆರಗಿನಿಂದ ಕೇಳುವುದನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ವರ್ಷಗಟ್ಟಲೆ ಅದೇ ತಾಣವನ್ನು ಓದಿದವರು ಅವರು.

ಆ ವಿದ್ಯಾರ್ಥಿನಿ ಪೆನ್ಸಿಲನ್ನು ಒತ್ತಿದಳು ಎಂದೇ ಇಟ್ಟುಕೊಳ್ಳೋಣ. ಮುಂದೇನು? ಊರಿನ ಪುಟದ ಬಲಬದಿಯಲ್ಲಿ ಜಿಲ್ಲೆ, ತಾಲ್ಲೂಕು, ಜನಸಂಖ್ಯೆ ಇರುವ ಚೌಕವೊಂದು ಇರುತ್ತದಲ್ಲ, ಅದನ್ನು ಇನ್ಫೋಬಾಕ್ಸ್ ಎನ್ನುತ್ತಾರೆ. ಫೋನಿನಲ್ಲಿ ಅದು ಮೊದಲ ಪ್ಯಾರಾದ ಕೆಳಗೆ ಬರುತ್ತದೆ. ಮೂಲಪಠ್ಯದಲ್ಲಿ ಮಾತ್ರ ಅದೇ ಮೊದಲು. ಆದ್ದರಿಂದ ಮೊದಲ ಬಾರಿ ತಿದ್ದಲು ಹೋದವಳ ಎದುರಿಗೆ ಬರುವುದು ಕನ್ನಡದ ವಾಕ್ಯವಲ್ಲ. ಜೋಡಿ ಪುಷ್ಪಾವರಣಗಳು, ನಿಲುವುಗೀಟುಗಳು, ಸಾಲುಸಾಲು ಇಂಗ್ಲಿಷ್ ನಿಯತಾಂಕಗಳು. ಇಂಥ ಚೌಕಗಳ ಸಿದ್ಧ ಮಾದರಿಗಳಾದ ಟೆಂಪ್ಲೇಟುಗಳನ್ನು ಇಂಗ್ಲಿಷ್ ವಿಕಿಪೀಡಿಯದಿಂದ ಹಾಗೆಯೇ ತಂದದ್ದರಿಂದ ಹೀಗಾಗಿದೆ. ತಾಲ್ಲೂಕು ಎಂಬ ಒಂದೇ ಪದವನ್ನು ಬದಲಿಸಲು ಬಂದವಳು ಏನನ್ನೋ ಕೆಡಿಸಿಬಿಟ್ಟೇನು ಎಂದು ಹೆದರಿ ಹಿಂದೆ ಸರಿಯುತ್ತಾಳೆ. ನನ್ನ ಅನುಭವದಲ್ಲಿ ಕನ್ನಡಕ್ಕೆ ಹೊಸ ಸಂಪಾದಕರು ಅತಿ ಹೆಚ್ಚು ಕಳೆದುಹೋಗುವ ಜಾಗ ಇದೇ.

ಪುಟ ಹೇಗೆ ಕಾಣುತ್ತದೋ ಹಾಗೆಯೇ ತಿದ್ದಲು ಬಿಡುವ ವಿಷುಯಲ್ ಎಡಿಟರ್ 2013ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಂತು. ಇಂಗ್ಲಿಷಿನ ಹಳೆಯ ಸಂಪಾದಕರು ಅದನ್ನು ತೀವ್ರವಾಗಿ ವಿರೋಧಿಸಿದರು. ತಪ್ಪುಗಳು ಉಳಿದಿರುವಾಗಲೇ, ತಮ್ಮನ್ನು ಸರಿಯಾಗಿ ಕೇಳದೆ ತಂದರು ಎಂಬುದು ಅವರ ಸಿಟ್ಟು. ಅದೇ ವರ್ಷ ಅಲ್ಲಿ ಅದನ್ನು ಬೇಕೆಂದವರಿಗೆ ಮಾತ್ರ ಎಂದು ಬದಲಿಸಬೇಕಾಯಿತು. ಈ ಜಗಳದಲ್ಲಿ ನಾನು ಎರಡೂ ಕಡೆಯವರ ಜೊತೆಗಿದ್ದೇನೆ. ಹೇಳದೆ ಕೇಳದೆ ಪರದೆಯನ್ನು ಬದಲಿಸುವುದು ಸಮುದಾಯದ ತಾಣಕ್ಕೆ ಒಪ್ಪುವ ನಡೆಯಲ್ಲ. ಹಾಗೆಂದು ಆವರಣಚಿಹ್ನೆಗಳ ವಿದ್ಯೆ ಬಲ್ಲವರೇ ಬರೆಯಲಿ ಎನ್ನುವುದೂ ನ್ಯಾಯವಲ್ಲ. ಬಾಗಿಲು ಸುಲಭವಾದರೆ ಕಸ ಬರುತ್ತದೆ ಎಂದು ನಮ್ಮ ಕನ್ನಡದ ಹಿರಿಯ ಸಂಪಾದಕರಲ್ಲೂ ಕೆಲವರು ಹೇಳುತ್ತಾರೆ. ಬರುತ್ತದೆ, ನಿಜ. ಕಸ ಗುಡಿಸಲು ಇತ್ತೀಚಿನ ಬದಲಾವಣೆಗಳ ಪಟ್ಟಿ ಇದೆ, ವೀಕ್ಷಣಾಪಟ್ಟಿ ಇದೆ, ಒಂದೇ ಒತ್ತಿಗೆ ಹಳೆಯ ಆವೃತ್ತಿಗೆ ಮರಳುವ ವ್ಯವಸ್ಥೆ ಇದೆ. ಬಾರದೇ ಹೋದ ಸಂಪಾದಕಿಯನ್ನು ಹಿಂದಕ್ಕೆ ಕರೆತರುವ ಗುಂಡಿ ಎಲ್ಲಿದೆ?

ಇನ್ನು ನಮ್ಮ ಲಿಪಿಯ ವಿಚಾರ. ರೋಮನ್ ಅಕ್ಷರಕ್ಕೆ ಅಳತೆ ಮಾಡಿದ ಗುಂಡಿಯಲ್ಲಿ ಕನ್ನಡದ ಒತ್ತಕ್ಷರದ ಕೆಳತುದಿ ಕತ್ತರಿಸಿ ಹೋಗುತ್ತದೆ. ನಮ್ಮ ವಿಭಕ್ತಿ ಸೇರಿದ ಪದಗಳು ಉದ್ದ, ಆದ್ದರಿಂದ ಮೆನು ಎರಡು ಸಾಲಿಗೆ ಇಳಿಯುತ್ತದೆ ಅಥವಾ ಚುಕ್ಕೆಗಳಲ್ಲಿ ಮರೆಯಾಗುತ್ತದೆ. ಅಕ್ಷರದ ಗಾತ್ರವೂ ಸಾಲುಗಳ ನಡುವಿನ ಅಂತರವೂ ಕನ್ನಡಕ್ಕೆ ಸ್ವಲ್ಪ ಹೆಚ್ಚೇ ಬೇಕು. ಬರವಣಿಗೆಗೆ ಮಾತ್ರ ಒಳ್ಳೆಯ ಏರ್ಪಾಡಿದೆ. ಕಂಪ್ಯೂಟರಿನಲ್ಲಿ ಸಂಪಾದನೆಯ ಚೌಕದ ಮೂಲೆಯಲ್ಲಿ ಕೀಲಿಮಣೆಯ ಗುರುತು ಮೂಡುತ್ತದೆ. ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ, ಇವುಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಿಲ್ಲ. ಸೈಬರ್ ಕೆಫೆಯ ಕಾಲದಲ್ಲಿ ಇದು ಎಷ್ಟು ದೊಡ್ಡ ಉಪಕಾರವಾಗಿತ್ತು ಎಂಬುದು ಆಗ ಬರೆದವರಿಗೇ ಗೊತ್ತು.

ಬದಲಾವಣೆಗಳನ್ನು ಹೋಲಿಸುವ ಪರದೆಯಲ್ಲಿ ಕನ್ನಡದ ತೊಡಕು ಬೇರೆಯೇ ಬಗೆಯದು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ಬದಲಾದ ಭಾಗಕ್ಕೆ ಬಣ್ಣ. ತಂತ್ರಾಂಶ ಪದಗಳನ್ನು ಗುರುತಿಸುವುದು ನಡುವಿನ ಖಾಲಿ ಜಾಗದಿಂದ. ಇಂಗ್ಲಿಷಿನಲ್ಲಿ ಈಸ್ ಎಂಬುದು ವಾಸ್ ಆದರೆ ಆ ಪುಟ್ಟ ಪದಕ್ಕಷ್ಟೇ ಬಣ್ಣ ಬೀಳುತ್ತದೆ. ತಾಲ್ಲೂಕಿನಲ್ಲಿದೆ ಎಂಬುದನ್ನು ತಾಲ್ಲೂಕಿನಲ್ಲಿತ್ತು ಎಂದು ತಿದ್ದಿದರೆ ಇಡೀ ಉದ್ದನೆಯ ಪದವೇ ಬದಲಾದಂತೆ ತೋರುತ್ತದೆ. ಪರಿಶೀಲಿಸುವವರು ಅಕ್ಷರಕ್ಷರ ಹುಡುಕಬೇಕು. ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕ ಸಂಕೇತಗಳು ಬದಲಾದಾಗಲಂತೂ ಎರಡೂ ಬದಿ ಒಂದೇ ಥರ ಕಾಣುತ್ತಿದ್ದು ಬಣ್ಣ ಮಾತ್ರ ಬಿದ್ದಿರುತ್ತದೆ. ಕನ್ನಡದ ಪ್ರತ್ಯಯಗಳನ್ನು ಅರಿತು ಹೋಲಿಸುವ ಪರದೆಯೊಂದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಮಾಡಬಲ್ಲರು. ಒಳ್ಳೆಯ ಅಂತಿಮ ವರ್ಷದ ಪ್ರಾಜೆಕ್ಟ್ ಅದು. ದಯವಿಟ್ಟು ಯಾರಾದರೂ ಕೈಹಾಕಿ.

ಚರ್ಚೆಯ ಪುಟ ಇತ್ತೀಚೆಗೆ ಬಹಳ ಸುಧಾರಿಸಿದೆ. ಹಿಂದೆ ಅಲ್ಲಿ ಉತ್ತರ ಬರೆಯಬೇಕಾದರೆ ಸಾಲಿನ ಮೊದಲಿಗೆ ವಿವರಣಚಿಹ್ನೆ ಇಟ್ಟು ಒಳಕ್ಕೆ ಸರಿಸಬೇಕಿತ್ತು, ಕೊನೆಗೆ ನಾಲ್ಕು ಅಲೆಗೀಟು ಹಾಕಿ ಸಹಿ ಮಾಡಬೇಕಿತ್ತು. ಮರೆತರೆ ಮಾತು ಯಾರದೆಂದು ತಿಳಿಯುತ್ತಿರಲಿಲ್ಲ. ಈಗ ಪ್ರತಿ ಮಾತಿನ ಕೆಳಗೂ ಉತ್ತರಿಸುವ ಕೊಂಡಿ ಇದೆ, ಸಹಿ ತಾನಾಗಿಯೇ ಬೀಳುತ್ತದೆ. ಸಣ್ಣ ಬದಲಾವಣೆ ಎನಿಸಬಹುದು. ಆದರೆ ಹೊಸಬರಿಗೆ ವಾದಿಸಲು, ಪ್ರಶ್ನಿಸಲು ಇದರಿಂದ ಧೈರ್ಯ ಬಂದಿದೆ. ಇಡೀ ಸಮುದಾಯದ ವಿಷಯಗಳನ್ನು ಮಾತಾಡುವ ಪುಟಕ್ಕೆ ಕನ್ನಡ ವಿಕಿಪೀಡಿಯ ಅರಳಿ ಕಟ್ಟೆ ಎಂದು ಹೆಸರಿಟ್ಟಿದೆ.

ಒಂದೇ ಪುಟವನ್ನು ಇಬ್ಬರು ಒಟ್ಟಿಗೆ ತಿದ್ದಿದರೆ? ಗೂಗಲ್ ಡಾಕ್ಸ್‌ನಲ್ಲಿ ಇನ್ನೊಬ್ಬರ ಕರ್ಸರ್ ಕಣ್ಣೆದುರೇ ಓಡಾಡುತ್ತದೆ. ವಿಕಿಯಲ್ಲಿ ಹಾಗಿಲ್ಲ. ಒಬ್ಬರು ಬರೆದು ಮುಗಿಸಿ ಪ್ರಕಟಿಸಿದಾಗ ಒಂದು ಆವೃತ್ತಿ ನಿಲ್ಲುತ್ತದೆ, ಇಬ್ಬರೂ ಒಂದೇ ಭಾಗವನ್ನು ತಿದ್ದಿದ್ದರೆ ಎರಡನೆಯವರಿಗೆ ಸಂಘರ್ಷದ ಸೂಚನೆ ಬರುತ್ತದೆ. ಇದು ಹಳೆಯ ಕ್ರಮ ಎಂದು ಯುವಕರು ಗೊಣಗುತ್ತಾರೆ. ಸಂಪರ್ಕ ಆಗಾಗ ಕಡಿದುಹೋಗುವ ಊರುಗಳಿಗೆ ಇದೇ ಸರಿ ಎಂದು ನನ್ನ ಅಭಿಪ್ರಾಯ. ಬರೆದು, ಓದಿ, ಕಾರಣ ನಮೂದಿಸಿ ಆಮೇಲೆ ಪ್ರಕಟಿಸುವಾಗ ಬರೆದವರ ಹೊಣೆಯೂ ಸ್ಪಷ್ಟವಾಗಿರುತ್ತದೆ.

ನಾನು ಅತ್ಯಂತ ಮೆಚ್ಚುವ ಪರದೆ ವಿಕಿಸೋರ್ಸ್‌ನದು. ಹಳೆಯ ಪುಸ್ತಕಗಳನ್ನು ಯೂನಿಕೋಡಿಗೆ ತರುವ ತಾಣ ಅದು. ಅಲ್ಲಿಗೆ ತರಲು ನಮ್ಮಲ್ಲಿ ಪುಸ್ತಕಗಳ ಕೊರತೆಯಿಲ್ಲ: ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಒಪ್ಪಿಸಿತು, ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ ಅದೇ ವರ್ಷ ಮುಕ್ತಗೊಳಿಸಿತು. ವಿಕಿಸೋರ್ಸ್‌ನಲ್ಲಿ ಪುಸ್ತಕದ ಪುಟದ ಚಿತ್ರ ಒಂದು ಬದಿಗೆ, ಟೈಪಾದ ಪಠ್ಯ ಇನ್ನೊಂದು ಬದಿಗೆ. ತಿದ್ದುವವರಿಗೆ ಆಧಾರ ಕಣ್ಣೆದುರೇ ಇರುತ್ತದೆ. ಯಾರೂ ನೋಡದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಎರಡನೆಯವರು ಪರಿಶೀಲಿಸಿದ ಮೇಲೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ತಂತ್ರಾಂಶ ಬಿಡುವುದಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಲೇಬೇಕು ಎಂಬ ನಿಯಮ ಯಾವ ಪುಸ್ತಕದಲ್ಲೋ ಮುಚ್ಚಿಹೋಗದೆ ಪರದೆಯ ಬಣ್ಣದಲ್ಲೇ ನಿಂತಿದೆ. ಹೊಸಬರಿಗೆ ಪಾಠ ಹೇಳದೆಯೇ ಕೆಲಸ ತಿಳಿಯುತ್ತದೆ.

ಬೀದರಿನವರಿಗೆ ವಿಶೇಷವಾಗಿ ಬೇಕಾದ ಇನ್ನೊಂದು ಸಂಗತಿ ಇದೆ. ಇಲ್ಲಿ ಕನ್ನಡದ ಜೊತೆಗೆ ಮರಾಠಿ, ತೆಲುಗು, ಉರ್ದು ಬಲ್ಲ ಮನೆಗಳಿವೆ. ಒಂದೇ ವಿಷಯದ ಬೇರೆ ಭಾಷೆಯ ಪುಟಗಳ ಕೊಂಡಿಗಳು ಹಿಂದೆ ಎಡಬದಿಯ ಪಟ್ಟಿಯ ತಳದಲ್ಲಿರುತ್ತಿದ್ದವು, ಅಲ್ಲಿಯವರೆಗೆ ಇಳಿದು ನೋಡುವವರು ಕಡಿಮೆ. ವೆಕ್ಟರ್ 2022 ಎಂಬ ಹೊಸ ರೂಪದಲ್ಲಿ ಅವು ಶೀರ್ಷಿಕೆಯ ಪಕ್ಕಕ್ಕೇ ಬಂದವು. ಬಸವಕಲ್ಯಾಣದ ಬಗ್ಗೆ ಮರಾಠಿಯಲ್ಲಿ ಏನು ಬರೆದಿದ್ದಾರೆ ಎಂದು ಈಗ ಒಂದೇ ಒತ್ತಿಗೆ ನೋಡಿ, ಅಲ್ಲಿದ್ದು ಇಲ್ಲಿಲ್ಲದ್ದನ್ನು ಸೇರಿಸಬಹುದು. ಆ ಹೊಸ ರೂಪದಲ್ಲಿ ಬದಿಗೆ ಬಿಟ್ಟ ಖಾಲಿ ಜಾಗ ಹಲವರಿಗೆ ಹಿಡಿಸಲಿಲ್ಲ. ಭಾಷೆಯ ಗುಂಡಿಯ ವಿಷಯದಲ್ಲಿ ಮಾತ್ರ ಅದು ಗಡಿನಾಡಿಗೆ ದೊಡ್ಡ ಲಾಭ.

ಇವೆಲ್ಲ ಎಲ್ಲೋ ದೂರದಲ್ಲಿ ಕುಳಿತವರು ಮಾಡುವ ನಿರ್ಧಾರಗಳು, ನಮ್ಮ ಕೈಯಲ್ಲಿ ಏನಿದೆ ಎಂದು ಕೇಳಬಹುದು. ಸಾಕಷ್ಟಿದೆ. ಪರದೆಯ ಮೇಲಿನ ಕನ್ನಡವನ್ನು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಅನುವಾದಿಸುವವರು ನಮ್ಮಂಥ ಸ್ವಯಂಸೇವಕರೇ. ಇನ್ಫೋಬಾಕ್ಸಿನ ನಿಯತಾಂಕಗಳಿಗೆ ಕನ್ನಡದ ವಿವರಣೆ ಸೇರಿಸಿದರೆ ವಿಷುಯಲ್ ಎಡಿಟರಿನಲ್ಲಿ ಅವು ಕನ್ನಡದಲ್ಲೇ ಕಾಣುತ್ತವೆ. ಆ ಕೆಲಸಕ್ಕೆ ಪ್ರೋಗ್ರಾಮಿಂಗ್ ಬೇಕಿಲ್ಲ, ತಾಳ್ಮೆ ಸಾಕು. ಹುಮನಾಬಾದ, ಬಸವಕಲ್ಯಾಣದ ಕಾಲೇಜುಗಳ ಕನ್ನಡ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇದು. ಒಂದು ತರಗತಿಯ ಮಕ್ಕಳಿಗೆ ಅವರವರ ಫೋನಿನಲ್ಲಿ ಅವರವರ ಊರಿನ ಪುಟವನ್ನು ತೆರೆಯಲು ಹೇಳಿ. ಒಂದು ತಪ್ಪನ್ನು ತಿದ್ದಲಿ. ಎಲ್ಲಿ ತಡವರಿಸಿದರು, ಯಾವ ಗುಂಡಿ ಸಿಗಲಿಲ್ಲ, ಯಾವ ಸೂಚನೆ ತಿಳಿಯಲಿಲ್ಲ ಎಂಬುದನ್ನು ಪಕ್ಕದಲ್ಲಿ ನಿಂತು ಗುರುತು ಮಾಡಿಕೊಳ್ಳಿ. ಆ ಟಿಪ್ಪಣಿಗಳನ್ನು ಅರಳಿ ಕಟ್ಟೆಯಲ್ಲಿ ನಿಮ್ಮದೇ ಕನ್ನಡದಲ್ಲಿ ಬರೆಯಿರಿ.